ಮುಚ್ಚಿಬಿಡಿ ನಮ್ಮೂರ ಶಾಲೆಯನ್ನು

ಮಾನ್ಯ ಮೊಹತಮಿಮ್ ಸಾಹೇಬರೇ,

ಜಿಲ್ಲೆಯ ಶಾಲೆಗಳನ್ನೆಲ್ಲ ತಪಾಸಣೆ ಮಾಡುವ ತಮಗೆ ಔರಾದ ತಾಲೂಕಿನ ಗುಡ್ಡದವಾಡಿಯಿಂದ ಒಂದು ವಿನಂತಿ. ನಮ್ಮ ಊರಿನ ಸರಕಾರಿ ಶಾಲೆಯನ್ನು ದಯವಿಟ್ಟು ಮುಚ್ಚಿಬಿಡಿ. ಶಾಲೆ ಬೇಕೆಂದು ಅರ್ಜಿ ಬರೆಯುವವರನ್ನು ತಾವು ಬಹಳ ಮಂದಿ ಕಂಡಿರಬಹುದು. ಬೇಡವೆಂದು ಬರೆಯುವ ಮೊದಲನೆಯವನು ನಾನೇ ಇರಬೇಕು. ತಲೆ ಕೆಟ್ಟವನೆಂದು ತೀರ್ಮಾನಿಸುವ ಮುಂಚೆ ಪೂರ್ತಿ ಕೇಳಿರಿ. ಓದಿರಿ ಎನ್ನಲಾರೆ, ತಮಗೆ ಕನ್ನಡ ಬಾರದೆಂಬುದು ನನಗೆ ಗೊತ್ತು. ನನಗೆ ಬರೆಯಲು ಬರುವುದು ಇದೊಂದೇ. ಇದನ್ನು ಅಚ್ಚು ಹಾಕುವ ಪತ್ರಿಕೆಯೂ ನಮ್ಮ ಸೀಮೆಯಲ್ಲಿಲ್ಲ, ಸಂಸ್ಥಾನದ ಗಡಿಯಾಚೆಗೆ ಕಳುಹಿಸಿದ್ದೇನೆ.

ನಮ್ಮ ಊರಿಗೆ ವಿದ್ಯೆ ತಾವು ತಂದದ್ದಲ್ಲ. ಕೆಂಪು ಮುರುಮಿನ ಗುಡ್ಡದ ಮೇಲೆ, ಬಂಡಿ ಹತ್ತಲು ಎತ್ತುಗಳು ಒದ್ದಾಡುವ ಜಾಗದಲ್ಲಿ, ನಮ್ಮ ಅಜ್ಜನ ಕಾಲದಿಂದಲೂ ಅಯ್ಯನವರ ಶಾಲೆ ನಡೆಯುತ್ತಿತ್ತು. ಹಣಮಂದೇವರ ಗುಡಿಯ ಪಡಸಾಲೆಯಲ್ಲಿ ಮರಳು ಹರವಿ ಬೆರಳಿನಿಂದ ಬರೆಸುತ್ತಿದ್ದರು. ತಪ್ಪಿದರೆ ಅದೇ ಬೆರಳಿಗೆ ಏಟು. ನಾನು ಕಲಿತದ್ದು ಅಲ್ಲಿಯೇ; ಆ ಅಕ್ಷರದಿಂದಲೇ ಇಂದು ಭಾಲ್ಕಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದು ನನಗೆ ಅನ್ನ. ಆಮೇಲೆ ಸರಕಾರದ ಶಾಲೆ ಬರುತ್ತದೆಂದು ಸುದ್ದಿ ಬಂದಿತು. ಊರೇ ಕುಣಿಯಿತು. ಗುಡ್ಡದ ಕಲ್ಲನ್ನು ನಾವೇ ಕಡಿದೆವು, ಕಟ್ಟಿಗೆಯನ್ನು ನಾವೇ ಹೊತ್ತೆವು, ಹೆಂಗಸರು ನೆಲ ಸಾರಿಸಿದರು. ಶಾಲೆ ಎದ್ದು ನಿಂತಿತು. ಮುದುಕರಾಗಿದ್ದ ಅಯ್ಯನವರು ತಮ್ಮ ಮರಳನ್ನು ಗುಡಿಯ ಹಿಂದೆ ಚೆಲ್ಲಿ, ‘ನಂದು ಮುಗೀತಪ್ಪ, ಇನ್ನ ಚಲೋ ಸಾಲಿ ಬಂತು’ ಎಂದು ಖುಷಿಯಿಂದಲೇ ಮನೆಗೆ ಹೋದರು.

ಮೊದಲು ಬಂದ ಮಾಸ್ತರರು ದೂರದ ಶಹರದವರು. ಸರಕಾರದ ಹುಕುಮಿನಂತೆ ಪಾಠವೆಲ್ಲ ಉರ್ದುವಿನಲ್ಲಿಯೇ. ಅವರ ಉರ್ದು ಮಕ್ಕಳಿಗೆ ತಿಳಿಯಲಿಲ್ಲ, ಮಕ್ಕಳ ಮಾತು ಅವರಿಗೆ ತಿಳಿಯಲಿಲ್ಲ. ಹಿಂದೂಗಳ ಹಟ ಎಂದು ತಾವು ಭಾವಿಸಬಾರದು. ನಮ್ಮ ನೆರೆಮನೆಯ ಬಿಸ್ಮಿಲ್ಲಾಬೀ ತನ್ನ ಮೊಮ್ಮಗನನ್ನು ಎರಡನೆಯ ವಾರವೇ ಬಿಡಿಸಿಕೊಂಡಳು. ‘ಅದು ನಮ್ಮ ಮನಿ ಮಾತಲ್ಲರಿ, ಕಚೇರಿ ಮಾತು. ಕೂಸು ಅಂಜತದ’ ಎಂದಳು. ಮಾಸ್ತರರೂ ಮಳೆಗಾಲ ಮುಗಿಯುವ ಮೊದಲೇ ಗುಡ್ಡ ಇಳಿದು ಹೋದರು.

ಎರಡನೆಯವರಾಗಿ ಬಂದವರು ಸಲಾವೋದ್ದೀನ ಮಾಸ್ತರರು. ಬೀದರಿನ ಚಿದ್ರಿಯವರು. ಉರ್ದು, ಫಾರಸಿ ಎರಡರಲ್ಲಿಯೂ ಸರಕಾರದ ಪರೀಕ್ಷೆ ಪಾಸಾದವರು. ಕನ್ನಡವನ್ನು ಮಾತ್ರ ಓಣಿಯಲ್ಲಿ ಆಡುತ್ತ ಕಲಿತವರು. ಅವರು ಮಾಡಿದ್ದು ಬಹಳ ಸಣ್ಣ ಕೆಲಸ. ತಾವು ಕೊಟ್ಟ ಪುಸ್ತಕವನ್ನೇ ಓದಿಸುತ್ತಿದ್ದರು, ಒಂದು ಸಾಲು ಓದಿಸಿ ಅದರ ಅರ್ಥವನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಅಷ್ಟೇ. ಶಾಲೆ ತುಂಬಿತು. ಬಿಸ್ಮಿಲ್ಲಾಬೀಯ ಮೊಮ್ಮಗ ಮರಳಿ ಬಂದ. ಚಿಕ್ಕ ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡರು, ನನ್ನ ಮಗಳು ಸುಂದರಬಾಯಿಯೂ ಅವರಲ್ಲಿ ಒಬ್ಬಳು. ಸಂಜೆ ಅವಳು ಒಲೆಯ ಮುಂದೆ ಕುಳಿತು ಉರ್ದು ಪಾಠವನ್ನು ತನ್ನ ತಾಯಿ ಗುಂಡಮ್ಮನಿಗೆ ಬಿಡಿಸಿ ಹೇಳುತ್ತಿದ್ದಳು. ರೊಟ್ಟಿ ಬಡಿಯುತ್ತಲೇ ಗುಂಡಮ್ಮ ಸರಕಾರದ ಪುಸ್ತಕದ ಅರ್ಧ ಕಲಿತಳು. ಉರ್ದು ಪ್ರಚಾರಕ್ಕೆ ಇದಕ್ಕಿಂತ ಹೆಚ್ಚಿನದನ್ನು ತಾವು ಎಂದಾದರೂ ಕಂಡಿದ್ದೀರಾ?

ಆಗ ತಾವು ತಪಾಸಣೆಗೆ ಬಂದಿರಿ. ನೆನಪಿರಲಿಕ್ಕಿಲ್ಲ, ನಮಗೆ ಚೆನ್ನಾಗಿ ನೆನಪಿದೆ. ಪುಸ್ತಕದೊಳಗಿನ ಒಂದು ಪದ್ಯದ ಅರ್ಥ ಕೇಳಿದಿರಿ. ಸುಂದರಬಾಯಿ ಎದ್ದು ನಿಂತು ತಡವರಿಸದೆ ಉರ್ದುವಿನಲ್ಲಿಯೇ ಹೇಳಿದಳು. ತಮ್ಮ ಮುಖ ಅರಳಿತು. ನಮ್ಮ ಪಾಟೀಲರು ಬಸವಣ್ಣೆಪ್ಪನವರು ಆ ಮುಖ ನೋಡಿ ಉಬ್ಬಿಹೋದರು. ನಮ್ಮಲ್ಲಿ ಒಬ್ಬರು ಉಪಕಾರ ಮಾಡಿದರೆ ನಾಲ್ಕು ಜನರ ಮುಂದೆ ರುಮಾಲು ಸುತ್ತಿ ಆಯೇರಿ ಮಾಡುವುದು ಪದ್ಧತಿ. ಸರಕಾರದ ಸಾಹೇಬರ ಎದುರಿಗೇ ಮಾಡಿದರೆ ಮಾಸ್ತರರಿಗೆ ಬಡತಿ ಸಿಗುತ್ತದೆಂದು ಅವರ ಎಣಿಕೆ. ರುಮಾಲು ಹಿಡಿದು ಎದ್ದು ನಿಂತು ಹೇಳಿದರು: ‘ಸಾಹೇಬರ, ಈ ಪೋರಗೋಳಿಗಿ ಏನೂ ತಿಳೀತಿದ್ದಿಲ್ಲರಿ. ನಮ್ಮ ಮಾಸ್ತರ ಒಂದೊಂದ ಮಾತೂ ಬಿಡಿಸಿ ನಮ್ಮ ಕನ್ನಡದಾಗ ಹೇಳ್ತಾರ್ರಿ. ಇಂಥವರನ್ನ ಕಳಿಸಿದ್ರಿ, ನಿಮ್ಮ ಹೊಟ್ಟಿ ತಣ್ಣಗಿರಲಿ.’

ತಮಗೆ ತಿಳಿಯಲಿಲ್ಲ. ‘ಏನನ್ನುತ್ತಾರೆ?’ ಎಂದು ಸಲಾವೋದ್ದೀನರನ್ನೇ ಕೇಳಿದಿರಿ.

ಪಾಟೀಲರು ಸರಕಾರವನ್ನು ಹೊಗಳುತ್ತಿದ್ದಾರೆ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಎದುರಿಗೆ ಮಕ್ಕಳೆಲ್ಲ ಕುಳಿತಿದ್ದರು, ಎರಡೂ ಮಾತು ತಿಳಿಯುವ ಮಕ್ಕಳು. ಮಾಸ್ತರರು ಪಾಟೀಲರ ಮಾತನ್ನು ದಿನವೂ ಪಾಠ ಹೇಳುತ್ತಿದ್ದಂತೆ, ಒಂದೊಂದೇ ಬಿಡಿಸಿ, ಏನೂ ಬಿಡದೆ, ತಮಗೆ ಉರ್ದುವಿನಲ್ಲಿ ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು. ತಾವು ಎದ್ದು ಕುದುರೆ ಹತ್ತಿದಿರಿ. ತಿಂಗಳೊಳಗೆ ಅವರನ್ನು ನೌಕರಿಯಿಂದ ತೆಗೆದ ಹುಕುಂ ಬಂದಿತು. ಕಾರಣ: ಬೋಧನೆಯಲ್ಲಿ ಮಾನ್ಯವಲ್ಲದ ಭಾಷೆಯ ಬಳಕೆ. ಸಾಕ್ಷಿ: ಸ್ವತಃ ಮಾಸ್ತರರ ಹೇಳಿಕೆ.

ಬಸವಣ್ಣೆಪ್ಪನವರು ಅಂದಿನಿಂದ ಯಾರಿಗೂ ರುಮಾಲು ಸುತ್ತಿಲ್ಲ.

ಈಗಿರುವ ಮಾಸ್ತರರ ಮೇಲೆ ನನ್ನ ದೂರಿಲ್ಲ. ಅವರೂ ಹೊಟ್ಟೆಪಾಡಿಗೆ ಬಂದವರು. ಖಾಲಿ ಕೋಣೆಯಲ್ಲಿ ಕುಳಿತು ಬಾಗಿಲಿಗೆ ಬರುವ ಮೇಕೆಗಳನ್ನು ಓಡಿಸುತ್ತಾರೆ. ನಾವು ಬೇರೆ ದಾರಿ ಹುಡುಕಿದೆವು. ಸಲಾವೋದ್ದೀನರನ್ನು ಕರೆತಂದು ನಮ್ಮದೇ ಖರ್ಚಿನಲ್ಲಿ ಶಾಲೆ ನಡೆಸುತ್ತೇವೆ, ಕನ್ನಡ ಅಕ್ಷರ ನಾವು ಕಲಿಸುತ್ತೇವೆ, ತಮ್ಮ ಉರ್ದುವನ್ನು ಅವರು ಕಲಿಸುತ್ತಾರೆ, ಇಜಾಜತ್ ಕೊಡಿ ಎಂದು ಅರ್ಜಿ ಹಾಕಿದೆವು. ತಮ್ಮ ಉತ್ತರ ಬಂದಿತು: ‘ಸದರಿ ಗ್ರಾಮದಲ್ಲಿ ಸರಕಾರಿ ಶಾಲೆ ಇರುವುದರಿಂದ ಖಾಸಗಿ ಶಾಲೆಗೆ ಇಜಾಜತ್ ಇಲ್ಲ.’ ಅಲ್ಲಿ ಮಕ್ಕಳೇ ಇಲ್ಲವಲ್ಲ ಎಂದು ಮತ್ತೆ ಬರೆದೆವು. ‘ಮಕ್ಕಳು ಬಾರದಿರುವುದು ಪಾಲಕರ ಅಸಡ್ಡೆ’ ಎಂದಿರಿ. ಭಲೇ ಸಾಹೇಬರೇ! ಕಲ್ಲು ಹೊತ್ತವರು ನಾವು, ನೆಲ ಸಾರಿಸಿದವರು ನಾವು, ಅಸಡ್ಡೆಯವರೂ ನಾವೇ. ಶಾಲೆ ಇಲ್ಲದ ಊರಿಗೆ ನಾಳೆ ಶಾಲೆ ಬರಬಹುದೆಂಬ ಆಸೆಯಾದರೂ ಇರುತ್ತದೆ. ಶಾಲೆ ಇರುವ ಊರು ನಮ್ಮದು, ನಮಗೆ ಅದೂ ಇಲ್ಲ.

ಹೋದ ತಿಂಗಳು ನಾನು ಚಿದ್ರಿಗೆ ಹೋಗಿದ್ದೆ. ಸಲಾವೋದ್ದೀನರು ತಮ್ಮನ ಬಳೆ ಅಂಗಡಿಯಲ್ಲಿ ಕುಳಿತಿದ್ದರು. ಕಣ್ಣಿಗೆ ಪೊರೆ ಬಂದಿದೆ, ಬಳೆಯ ಬಣ್ಣವನ್ನು ಗಿರಾಕಿಗಳೇ ಹೇಳಬೇಕು. ಪಾಟೀಲರು ಅಂದು ಸುತ್ತಿದ ರುಮಾಲು ಗೋಡೆಯ ಗೂಟಕ್ಕೆ ತೂಗುತ್ತಿತ್ತು.

‘ಯಾಕ್ರಿ ಮಾಸ್ತರ, ಸುತ್ತಿಕೊಂಡಿಲ್ಲ?’ ಎಂದೆ.

‘ಅದು ಸಾಲ್ಯಾಗ ಸುತ್ತಿಕೊಂಡು ಕೂಡೋದರಿ ಹಾವಗೆಪ್ಪಾ, ಬಳಿ ಅಂಗಡ್ಯಾಗಲ್ಲ’ ಎಂದರು.

‘ಸಾಹೇಬರಿಗಿ ಒಂದೇ ಒಂದು ಸುಳ್ಳು ಹೇಳಿದ್ರ ಏನ ಆಗ್ತಿತ್ತರಿ?’

‘ನಿಮ್ಮ ಸುಂದರಬಾಯಿ ಎದ್ದು, ಮಾಸ್ತರ ಅರ್ಥ ತಪ್ಪಾತ್ರಿ ಅಂತಿದ್ದಳು’ ಎಂದು ನಕ್ಕರು. ಆಮೇಲೆ ದನಿ ಇಳಿಸಿ, ‘ಪುಸ್ತಕ ಪೂರಾ ಬಾಯಾಗ ಅದರಿ. ಕಣ್ಣು ಹೋದ್ರೂ ಹೇಳ್ತೇನಿ. ಕರದ್ರ ನಾಳೇನೇ ಬರ್ತೇನಿ. ಆದ್ರ ಬಂದು ಎಲ್ಲಿ ಕೂಡ್ಲಿ?’ ಎಂದರು.

ಆ ಪ್ರಶ್ನೆಯನ್ನು ತಮಗೇ ಕೇಳುತ್ತೇನೆ. ಉತ್ತರ ಹೊಳೆಯುತ್ತದೆಯೇ?

ಸುಂದರಬಾಯಿಗೆ ಚಿಂತಾಕಿಯಲ್ಲಿ ಗಂಡು ಗೊತ್ತಾಗಿದೆ. ಬರುವ ಬೇಸಿಗೆಗೆ ಮದುವೆ. ಮೊನ್ನೆ ಅಂಗಳದ ಮಣ್ಣಿನಲ್ಲಿ ಆ ಪದ್ಯ ಬರೆಯಲು ಕುಳಿತಿದ್ದಳು. ಎರಡು ಸಾಲಿನ ನಂತರ ಕೈ ನಿಂತಿತು. ನನ್ನ ಕಡೆ ನೋಡಿದಳು. ನನಗೆ ಉರ್ದು ಬಾರದು. ಅಂಗೈಯಿಂದ ಒರೆಸಿ, ಎದ್ದು, ತಾಯಿಗೆ ನೀರು ತರಲು ಹೋದಳು. ತಂದೆಯಾದವನು ಇಂಥದ್ದನ್ನು ನೋಡಬಾರದು.

ಆದ್ದರಿಂದ ಮುಚ್ಚಿಬಿಡಿ. ಸರಕಾರಿ ಶಾಲೆ ಇಲ್ಲವಾದರೆ ಇಜಾಜತ್ ನಿರಾಕರಿಸಲು ತಮಗೆ ಕಾರಣವೂ ಇಲ್ಲವಾಗುತ್ತದೆ. ತಾವು ಮುಚ್ಚುವುದಿಲ್ಲವೆಂದು ಬಲ್ಲೆ. ಗುಡ್ಡದ ತುದಿಯಲ್ಲಿಯೂ ಒಂದು ಶಾಲೆ ಇದೆಯೆಂದು ವರದಿಯಲ್ಲಿ ಬರೆಯಲು ಚೆನ್ನಾಗಿರುತ್ತದೆ. ಮುಚ್ಚಿದರೂ ಬೇಸಿಗೆಯೊಳಗೆ ಇಜಾಜತ್ ಬರುವುದಿಲ್ಲ, ಮಾಸ್ತರರ ಕಣ್ಣು ಅಲ್ಲಿಯವರೆಗೆ ಕಾಯುವುದಿಲ್ಲ. ಗೊತ್ತಿದ್ದೂ ಕೇಳುತ್ತಿದ್ದೇನೆ, ಕೇಳದೆ ಇದ್ದರೆ ಅದಕ್ಕೂ ಅಸಡ್ಡೆ ಎಂದು ಹೆಸರಿಡುತ್ತೀರಿ.

ಕೊನೆಗೆ ಇನ್ನೊಂದು ಬೇಡಿಕೆ. ಇದನ್ನಾದರೂ ನಡೆಸಿಕೊಡಿ. ಈ ಪತ್ರವನ್ನು ತಮ್ಮ ಕಚೇರಿಯ ಯಾರೋ ಒಬ್ಬ ಗುಮಾಸ್ತ ಈಗ ತಮ್ಮ ಮೇಜಿನ ಪಕ್ಕದಲ್ಲಿ ನಿಂತು, ಒಂದೊಂದೇ ಮಾತನ್ನು ಬಿಡಿಸಿ, ತಮಗೆ ತಿಳಿಯುವ ಭಾಷೆಯಲ್ಲಿ ಹೇಳುತ್ತಿರಬೇಕು. ಅವನನ್ನು ನೌಕರಿಯಿಂದ ತೆಗೆಯಬೇಡಿ.

ಇಂತಿ,
ತಮ್ಮ ಕಾಗದದಲ್ಲಿ ಬರೆದಿರುವ ಆ ಅಸಡ್ಡೆಯ ಪಾಲಕ
ಹಾವಗೆಪ್ಪ, ಗುಡ್ಡದವಾಡಿ