ಬಿಸಿಲಿಗೆ ಕಾದ ಬಣ್ಣ

ದೊಡ್ಡ ಚೌಕ, ತೆಲ್ಚ್
ಮೇ ೨೪

ಪ್ರೀತಿಯ ಮೊಮ್ಮಗಳು ವೆಂಡುಲಾಳಿಗೆ,

ಹೇಗಿದ್ದೀಯ, ಮಗಳೇ? ಬ್ರ್ನೋ ನಗರದ ಧೂಳಿಗೆ ನಿನ್ನ ಕೆಮ್ಮು ಮರುಕಳಿಸಿಲ್ಲವಷ್ಟೆ? ಚಿಕ್ಕಮ್ಮ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂರಿಸುತ್ತಾಳೆಂದು ನಂಬಿದ್ದೇನೆ. ನಾನು ಕ್ಷೇಮ; ಮೊಣಕಾಲು ಮಾತ್ರ ನನಗಿಂತ ಮುದಿಯಾಗಿದೆ.

"ಇನ್ನು ಸುಣ್ಣದ ಕುಂಚ ಮುಟ್ಟಲ್ಲ ತಾತ, ಕೇಕ್ ಅಂಗಡಿಗೆ ಸೇರ್ಕೊಳ್ತೀನಿ" ಎಂದು ನೀನು ಬರೆದುದನ್ನು ಓದಿದೆ. ನಿನ್ನ ಸಂಕಟ ನನಗೆ ತಿಳಿಯದ್ದಲ್ಲ. ನಮ್ಮ ಮನೆಯ ಮುಂಗೋಡೆಗೆ ಮೊದಲ ಬಾರಿ ಒಬ್ಬಳೇ ಕೆಂಬಣ್ಣ ಬೆರೆಸಿದ ಸುಣ್ಣ ಹಚ್ಚಿ ನೀನು ಸಾರುವೆಯ ಅಟ್ಟಣೆಯಿಂದ ಇಳಿದಾಗ, ಇಡೀ ಚೌಕ ಕಮಾನಿನ ಜಗಲಿಗಳಲ್ಲಿ ನಿಂತು ನಕ್ಕಿತು. "ಏನೇ ಹುಡುಗಿ, ಇದು ಮನೆಯೋ ಕಟುಕನ ಅಂಗಡಿಯೋ?" ಎಂದು ಪಕ್ಕದ ಮನೆಯ ಹವ್ರಾಂಕೊವಾ ಕೂಗಿದಳು. "ಒಣಗಲಿ, ಆಮೇಲೆ ನೋಡಿ" ಎಂದು ನೀನೂ ಬಿಡಲಿಲ್ಲ. "ರಕ್ತ ಒಣಗಿದ್ರೆ ಇನ್ನೂ ಕಪ್ಪಗಾಗುತ್ತೆ ಕಣಮ್ಮ!" ಆಕೆಯ ನಾಲಿಗೆಗೆ ಈ ಚೌಕದಲ್ಲಿ ಎದುರಿಲ್ಲ. ಅಷ್ಟರಲ್ಲಿ ಮೋಡ ಕವಿದು ಕೆರೆಗಳ ಮಂಜು ಊರೊಳಗೆ ನುಗ್ಗಿತು. ಒದ್ದೆ ಸುಣ್ಣ ಕಡುಗೆಂಪಾಗಿಯೇ ಉಳಿಯಿತು. ನೀನು ಮರುದಿನ ಬೆಳಗಿನ ರೈಲು ಹತ್ತಿದೆ.

ಮೊನ್ನೆ ಬಿಸಿಲು ಬಂತು, ವೆಂಡುಲಾ! ಗೋಡೆ ನೆತ್ತಿಯಿಂದ ಒಣಗುತ್ತ, ತಿಳಿಯಾಗುತ್ತ ಇಳಿಯಿತು. ಸಂಜೆಯ ಹೊತ್ತಿಗೆ ಅದು ಅಪ್ಪಟ ಸೇಬಿನ ಹೂವಿನ ತಿಳಿಗುಲಾಬಿ ಬಣ್ಣ. ಹಳದಿ, ತಿಳಿಹಸಿರು ಮನೆಗಳ ಸಾಲಿನಲ್ಲಿ ನಮ್ಮದು ಹೊಸ ಸೊಸೆಯಂತೆ ನಾಚಿ ನಿಂತಿದೆ. ನನ್ನ ಕಪ್ಪು ಕೋಟಿನ ತೋಳನ್ನು ಗೋಡೆಗೆ ಉಜ್ಜಿ ನೋಡಿದೆ, ಬಣ್ಣ ಚೂರೂ ಹತ್ತಲಿಲ್ಲ. ರೊಟ್ಟಿ ತರಲು ಹೊರಟವರು ಅಂಗಡಿ ಮರೆತು ನಿಂತರು. ನಾನಂತೂ ಒಳಗೆ ಹೋಗುವುದು, ಮತ್ತೆ ಹೊರಬಂದು ನೋಡುವುದು, ಇಷ್ಟೇ ಕೆಲಸ ಮಾಡಿದೆ.

ಐನೂರು ವರ್ಷಗಳ ಹಿಂದೆ ಬೆಂಕಿಗೆ ಈ ಚೌಕ ಬೂದಿಯಾದ ಮೇಲೆ ಇಲ್ಲಿ ಕಮಾನುಗಳನ್ನು ಎಬ್ಬಿಸಿದವರನ್ನು ಕಂಡೂ ಯಾರಾದರೂ ನಕ್ಕಿರಲೇಬೇಕು. ಆ ನಗು ಉಳಿದಿಲ್ಲ. ಕಮಾನುಗಳು ಉಳಿದಿವೆ, ನಗುವವರಿಗೂ ಅವೇ ನೆರಳು. ಕೇಕ್ ಮಾಡುವುದೂ ಒಳ್ಳೆಯ ವಿದ್ಯೆಯೇ, ಮಗಳೇ. ಆದರೆ ಯಾವ ವಿದ್ಯೆಯನ್ನೂ ಹೆದರಿಕೊಂಡು ಹಿಡಿಯಬೇಡ.

ಚಿಕ್ಕಮ್ಮನಿಗೆ ನನ್ನ ನೆನಪು ತಿಳಿಸು. ಸುಣ್ಣ ನಿನ್ನ ಕೈ ಸುಡದಿರಲಿ, ನಿನ್ನ ಗೋಡೆಗಳಿಗೆ ಬಿಸಿಲು ಹೊತ್ತಿಗೆ ಒದಗಲಿ ಎಂದು ಹರಸುವ,

ನಿನ್ನ ತಾತ
ಓಲ್ದ್ರಿಖ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಹವ್ರಾಂಕೊವಾ ಬಂದು ಎದುರಿಗೇ ಕುಳಿತಿದ್ದಾಳೆ. ತಾನು ಹೇಳಿದಂತೆಯೇ ಬರೆಯಬೇಕಂತೆ: "ಬೈದೋಳೂ ನಾನೇ, ಕರೆಯೋಳೂ ನಾನೇ. ನನ್ನ ಮನೆಗೂ ಹಚ್ಚು ಬಾರೇ. ಆದ್ರೆ ನಿಮ್ಮದಕ್ಕಿಂತ ಚೆನ್ನಾಗಿರ್ಬೇಕು, ಹೇಳಿದೀನಿ!" ಸಾರುವೆಯನ್ನು ಬಿಚ್ಚಿಲ್ಲ, ಅವಳ ಮನೆಯ ಮುಂದಕ್ಕೆ ಸರಿಸುತ್ತೇವೆ. ನಿನ್ನ ಕುಂಚವನ್ನು ನೀರಿನಲ್ಲಿ ನೆನೆಹಾಕಿದ್ದೇನೆ.