ಜುಲೈ ತಿಂಗಳಿಗೆ ಬರೆದದ್ದು

ಮನೆಯಿಂದ,
ಜನವರಿ ಒಂಬತ್ತು, ಬೆಳಿಗ್ಗೆ ಹತ್ತೂಕಾಲು

ನನ್ನ ಮುದ್ದು ಮಗಳೇ,

ಹೇಗಿದ್ದೀಯಮ್ಮ? ಕತ್ತು ನೋವು ಇಳಿಯಿತೇ? ದಿನವಿಡೀ ಬಗ್ಗಿ ಕೂತು ಊರಿನವರಿಗೆಲ್ಲ ಹಲ್ಲಿನ ಸೆಟ್ಟು ಮಾಡುವವಳು ನಡುನಡುವೆ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು. ನೀನು ಮಾಡಿಕೊಟ್ಟ ನನ್ನ ಸೆಟ್ಟು ಕ್ಷೇಮ. ಕೆಳಗಿನದು ಮಾತ್ರ ಸ್ವಲ್ಪ ಸಡಿಲ. ದೂರಲ್ಲ, ಸುಮ್ಮನೆ ತಿಳಿಸಿದೆ. ನಾನು ಚೆನ್ನಾಗಿದ್ದೇನೆ. ಹೋದ ವಾರ ಬಿ.ಪಿ. ಮಾತ್ರೆ ಒಂದು ದಿನ ಮರೆತೆ, ಮಾರನೆಯ ದಿನ ಎರಡು ನುಂಗಿದೆ. ಹಾಗೆ ಮಾಡಬಾರದಂತೆ, ಔಷಧಿ ಅಂಗಡಿಯವನು ಬೈದ. ನೀನೂ ಬೈಯಬೇಡ, ಒಬ್ಬರು ಬೈದರೆ ಸಾಕು.

ಫೋನ್ ಇರುವಾಗ ಕಾಗದವೇಕೆ ಎಂದು ಕೇಳುತ್ತೀಯೆ. ಫೋನಿನಲ್ಲಿ ನಮ್ಮದು ಅರ್ಧ ನಿಮಿಷದ ಮಾತು. "ಊಟ ಆಯ್ತಾ?" "ಆಯ್ತು." ಹೇಳಬೇಕಾದ್ದು ಗಂಟಲಿಗೆ ಬರುವಷ್ಟರಲ್ಲಿ ನೀನು "ಇಡ್ಲಾ ಅಪ್ಪ?" ಅನ್ನುತ್ತೀಯೆ. ಮೊದಲು ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ. ಬೇರೆ ಭಾಷೆಯಲ್ಲಾದರೆ ಸಂಕೋಚ ಕಡಿಮೆಯಾದೀತು ಎಂದು. "ಐ ಬೆಗ್ ಟು ಸ್ಟೇಟ್ ದಟ್" ಎಂದು ಕಾಲೇಜಿನಲ್ಲಿ ಕಲಿತದ್ದು ಥಟ್ಟನೆ ಬಂತು. ಮುಂದಿನದು ಬರಲಿಲ್ಲ. "ನಿಮ್ಮ ಇಂಗ್ಲಿಷು ಅರ್ಧ ದಾರೀಲಿ ಕೆಟ್ಟು ನಿಲ್ಲೋ ಬಸ್ಸು ಕಣ್ರೀ" ಅನ್ನುತ್ತಿದ್ದಳು ನಿನ್ನಮ್ಮ.

ಅವಳು ಹೋದ ಮೂರನೆಯ ದಿನ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತು ನೀನು ಕೇಳಿದ್ದು ಎಂಟು ತಿಂಗಳಿಂದ ನನ್ನ ಕಿವಿಯಲ್ಲಿದೆ. "ಎರಡು ವರ್ಷದಲ್ಲಿ ಒಂದ್ಸಲಾನೂ ಬಾ ಅನ್ಲಿಲ್ಲ ಅಮ್ಮ. ಅವಳಿಗೆ ನಾನು ಬೇಡವಾಗಿದ್ದೆ, ಅಲ್ವಾ ಅಪ್ಪ?" ನಾನು ಗಡಿಯಾರ ನೋಡಿ "ಬಸ್ಸಿಗೆ ಹೊತ್ತಾಯ್ತು" ಎಂದೆ. ಮೂವತ್ತೈದು ವರ್ಷ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವನಿಗೆ ಬೇರೇನೂ ತೋಚಲಿಲ್ಲ. ನೀನು ಮದುವೆ ಬೇಡವೆಂದಾಗ ನಿಮ್ಮಿಬ್ಬರಿಗೂ ಆದ ಜಗಳವನ್ನು ಅವಳು ಕೊನೆತನಕ ಇಟ್ಟುಕೊಂಡಳು ಎಂದೇ ನೀನು ನಂಬಿಕೊಂಡು ಹೋದೆ. ಅದರ ಬಗ್ಗೆಯೇ ಬರೆಯಬೇಕು. ಬರೆಯುತ್ತೇನೆ, ಸ್ವಲ್ಪ ತಾಳು.

ಹೊಸ ವರ್ಷದ ಹಾಳೆ ನಿನಗೆ ನೆನಪಿದೆಯಲ್ಲ? ಡಿಸೆಂಬರ್ ಕೊನೆಯ ದಿನ ಡಿಪೋದಿಂದ ಉದ್ದನೆಯ ಹಾಳೆ ತಂದು ಹನ್ನೆರಡು ಕಾಲಂ ಗೀಚಿ, ಮನೆಯಲ್ಲಿ ಯಾರು ಏನು ಮಾಡಬೇಕೋ ಎಲ್ಲವನ್ನೂ ತಿಂಗಳುತಿಂಗಳಿಗೆ ಹಂಚಿ ಅಡಿಗೆಮನೆಯ ಗೋಡೆಗೆ ಅಂಟಿಸುತ್ತಿದ್ದೆ. ಡಿಪೋದಲ್ಲಿ ನಾನು ಬಹಳ ಹುಷಾರು. ಹೊಸ ರೂಟಿಗೆ ಸಮಯ ಹಾಕುವ ಮುಂಚೆ ನಾನೇ ವಾಚು ಹಿಡಿದು ಮೊದಲ ಟ್ರಿಪ್ಪಿನಲ್ಲಿ ಕೂರುತ್ತಿದ್ದೆ. ಕಾಗದದಲ್ಲಿ ನಲವತ್ತು ನಿಮಿಷ ಬರೆದು ರಸ್ತೆಯಲ್ಲಿ ಐವತ್ತು ಹಿಡಿದರೆ ಡ್ರೈವರ್ ಬಡಪಾಯಿ ಸಾಯಬೇಕು. "ರಿಯಲಿಸ್ಟಿಕ್ ಆಗಿರಬೇಕು" ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದೆ. ಮನೆಯ ಹಾಳೆಯಲ್ಲಿ ಮಾತ್ರ ನನ್ನ ಪಾಲಿಗೆ ಕೊಳಲು ಕಲಿಯುವುದು, ಡಿಕ್ಷನರಿ ಪೂರ್ತಿ ಓದುವುದು, ಹತ್ತು ಕೇಜಿ ಇಳಿಸುವುದು! "ಇಷ್ಟೆಲ್ಲ ಮಾಡೋಕೆ ಇನ್ನೊಬ್ಬ ಗಂಡ ಬೇಕಾಗ್ತಾನೆ ನಂಗೆ" ಎಂದು ನಗುತ್ತಿದ್ದಳು. ಅವಳದ್ದು ವರ್ಷಕ್ಕೊಂದೇ, ಅದೂ ಪುಟ್ಟದು. ಒಂದು ಸಲ ಮಂಡಿ ನೋವು ತೋರಿಸುವುದು. ಇನ್ನೊಂದು ಸಲ ಹಿಂಬಾಗಿಲಿನ ಕಿರುಗುಟ್ಟುವಿಕೆ ನಿಲ್ಲಿಸುವುದು. ಎರಡನ್ನೂ ಆ ವರ್ಷವೇ ಮುಗಿಸಿದಳು.

ಈ ಸಲ ಹಾಳೆ ಗೀಚಲಿಲ್ಲ. ಮನಸ್ಸಿನಲ್ಲೇ ಸಣ್ಣಸಣ್ಣವು ಇಟ್ಟುಕೊಂಡಿದ್ದೇನೆ. ಮೊಟ್ಟೆ ಒಡೆಯದಂತೆ ಬೇಯಿಸುವುದು. ನಿನ್ನಮ್ಮನ ಬೀರುವಿನ ಮೇಲಿನ ಅರೆಯನ್ನು ಮಾತ್ರ ಖಾಲಿ ಮಾಡುವುದು. ಕೆಳಗಿನವು ಈ ವರ್ಷ ಆಗುವುದಿಲ್ಲ, ನಾನೇ ಅಂದಾಜು ಮಾಡಿ ನೋಡಿದೆ. ಇನ್ನೊಂದು, ಯಾರಾದರೂ ಏನಾದರೂ ಕೇಳಿದರೆ "ಮನೇಲಿ ಕೇಳಿ ಹೇಳ್ತೀನಿ" ಅನ್ನುವುದನ್ನು ಬಿಡಬೇಕು. ಮೊನ್ನೆ ತರಕಾರಿಯವಳು "ನಾಳೆಗೆ ಬೀನ್ಸ್ ತೆಗೆದಿಡ್ಲಾ ಅಣ್ಣ?" ಎಂದಳು. ಬಾಯಿಗೆ ಅದೇ ಬಂತು. ಅವಳಿಗೆ ಎಲ್ಲ ಗೊತ್ತು. ತಲೆಯೆತ್ತದೆ "ಆಯ್ತು ಅಣ್ಣ, ಕೇಳ್ಕೊಂಡು ಬನ್ನಿ" ಎಂದಳು. ಮನೆಗೆ ಬಂದು ಬಹಳ ಹೊತ್ತು ಚಪ್ಪಲಿ ಬಿಡದೆ ಕೂತಿದ್ದೆ.

ನೋಡು, ಎಲ್ಲಿಂದಲೋ ಎಲ್ಲಿಗೋ ಹೋದೆ. ಹಾಳೆ ಮುಗಿಯಿತು. ಹೊತ್ತಿಗೆ ಸರಿಯಾಗಿ ತಿನ್ನು. ಚಳಿಗೆ ಕಾಲುಚೀಲ ಹಾಕಿಕೋ. ನಿನ್ನ ರೂಮಿನ ಗೆಳತಿಗೂ ನನ್ನ ಆಶೀರ್ವಾದ, ಅವಳ ಹೊಸ ಕೆಲಸ ಗಟ್ಟಿಯಾಗಲಿ. ನಿನಗೆ ನನ್ನ ಆಯುಸ್ಸೂ ಸೇರಿ ಬರಲಿ.

ಇಂತಿ,
ನಿನ್ನ ಅಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಕವರು ಅಂಟಿಸುವ ಮುಂಚೆ ಬರೆದುಬಿಡುತ್ತೇನೆ. ಹೋದ ಸಲ ಹಾಳೆ ಗೀಚುವಾಗ, ಈ ವರ್ಷ ನಿನ್ನದೇನು ಎಂದು ನಿನ್ನಮ್ಮನನ್ನು ಕೇಳಿದೆ. ಯೋಚಿಸಲೂ ಇಲ್ಲ ಅವಳು. "ಮಗಳ ಜೊತೆ ಹತ್ತು ದಿನ. ಜಗಳ ಆಡ್ದೆ. ನಾನೇ ಫೋನ್ ಮಾಡಿದ್ರೆ ಮತ್ತೆ ಕಿತ್ತಾಡ್ತೀವಿ, ನೀವೇ ಕರೀರಿ" ಎಂದಳು. ನಿನ್ನ ಹಲ್ಲಿನ ಲ್ಯಾಬಿಗೆ ವರ್ಷದ ರಜೆ ಸಿಗುವುದು ಜುಲೈನಲ್ಲಿ, ಅದಕ್ಕೇ ಜುಲೈಗೆ ಹಾಕಿದೆ. "ಜನವರೀಲಿ ಜಾಗ ಇಲ್ವೇನ್ರೀ?" ಎಂದು ಕೇಳಿದಳು. ಜನವರಿಯಲ್ಲಿ ನಲ್ಲಿ ರಿಪೇರಿ ಇತ್ತು. ಮಾರ್ಚಿನಲ್ಲಿ ಮತ್ತೆ ಕೇಳಿದಳು, "ಹಾಳೇಲಿ ಇದೆಯಲ್ಲ, ಬಿಡು" ಎಂದೆ. ಮೇ ತಿಂಗಳಲ್ಲಿ ಬಟ್ಟೆ ಮಡಿಸುತ್ತಾ ಕೂತವಳು ಮತ್ತೆ ಏಳಲಿಲ್ಲ. ಅವಳು ಬಾ ಅಂದಿದ್ದಳು ಮಗಳೇ, ಎರಡು ಸಲ ಅಂದಿದ್ದಳು. ನಿನಗೆ ಮುಟ್ಟಿಸದವನು ನಾನು. ಬಾಗಿಲಲ್ಲಿ ನೀನು ಕೇಳಿದಾಗಲೂ ಹೇಳಲಿಲ್ಲ, ಇರುವವಳು ನೀನೊಬ್ಬಳೇ, ನೀನೂ ಹೋಗಿಬಿಡುತ್ತೀಯೆಂದು ಹೆದರಿ ನಿನ್ನ ಸಿಟ್ಟನ್ನು ಸತ್ತವಳ ಮೇಲೆಯೇ ಬಿಟ್ಟೆ. ನನ್ನ ಜೊತೆ ಮಾತು ಬಿಟ್ಟರೂ ಬಿಡು. ಅವಳ ಜೊತೆ ರಾಜಿಯಾಗಮ್ಮ.