ಹಿಂದಿನ ಸೀಟು

ಮಾರ್ಚ್ 4, ಸೋಮವಾರ. ಬೆಳಗ್ಗೆ 5.40

ಅರ್ಧ ಪಪ್ಪಾಯಿ, ನಿಂಬೆ ಹಿಂಡಿಕೊಂಡು. ಬ್ರೆಡ್ಡು ಇಲ್ಲ. ಬೆಣ್ಣೆ ಡಬ್ಬಿಯನ್ನು ಒಂದು ಸಲ ತೆಗೆದು ನೋಡಿ ಮುಚ್ಚಿದೆ. ನೋಡಿದ್ದಕ್ಕೆ ತೂಕ ಏರುವುದಿಲ್ಲ ತಾನೆ.

ತಿಂದದ್ದನ್ನೆಲ್ಲ ಬರೆದಿಡು ಅಂದಿದ್ದಾಳೆ ನರ್ಸ್. ಬರೆಯುತ್ತಿದ್ದೇನೆ. ತಿನ್ನದೆ ಬಿಟ್ಟದ್ದನ್ನೂ ಬರೆದರೆ ಪುಸ್ತಕ ಬೇಗ ತುಂಬುತ್ತದೆ.

ಶುಕ್ರವಾರ ಬಂದರಿಗೆ ಹೋಗಿದ್ದೆ. ಮನೆಯ ತಕ್ಕಡಿಯ ಮುಳ್ಳು ನನ್ನ ಭಾರಕ್ಕೆ ಕೊನೆಗೆ ಹೋಗಿ ನಿಂತುಬಿಡುತ್ತದೆ. ಅಲ್ಲಾದರೆ ಹಡಗಿನ ಸರಕು ತೂಗುವ ತಕ್ಕಡಿ ಇದೆ, ಚಿಕ್ಕಪ್ಪನ ಮಗ ಪೇರಾ ಕೆಲಸಕ್ಕಿದ್ದಾನೆ. ಈರುಳ್ಳಿ ಮೂಟೆಗಳನ್ನು ಇಳಿಸಿ ನನ್ನನ್ನು ಹತ್ತಿಸಿದ. ನೂರ ನಲವತ್ತೆಂಟು ಕಿಲೋ.

"ಸೀಲ್ ಹೊಡೀಲೇನೋ? ಸುಂಕ ಕಟ್ಟಿ ಮನೇಗ್ ತಗೊಂಡ್ ಹೋಗ್ಬಹುದು" ಎಂದ.

ಅವನ ನೀಲಿ ಬೈಕು ಮಾರಾಟಕ್ಕಿದೆ. ಹತ್ತಿ ಕೂತೆ. ಸ್ಪ್ರಿಂಗು ನರಳಿತು. ಪೇರಾ ಸುತ್ತು ಹಾಕಿ ನೋಡಿದ.

"ನಿನಗೇನೋ ಸಾಕು. ಹಿಂದೆ ಒಂದು ಕೋಳಿ ಕೂರೋಕೂ ಜಾಗ ಇಲ್ವಲ್ಲೋ."

"ಹಿಂದೆ ಯಾರ್ ಕೂರ್ತಾರೆ, ಬಿಡು."

ತೀರಾ ಬೇಗ ಹೇಳಿಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪೇರಾ ನನ್ನ ಮುಖವನ್ನೇ ನೋಡಿದ. "ಸರಿ. ಬೇರೆಯೋರಿಗೆ ಮಾರಲ್ಲ. ಜಾಗ ಆದಾಗ ಬಾ" ಎಂದ. ಹೆಸರು ಕೇಳಲಿಲ್ಲ, ಪುಣ್ಯಾತ್ಮ.

ಮಾರ್ಚ್ 9, ಶನಿವಾರ. ಮಧ್ಯಾಹ್ನ

ಮೀನು, ಸುಟ್ಟದ್ದು. ಕೆಸುವಿನ ಸೊಪ್ಪು, ತೆಂಗಿನ ಹಾಲಿಲ್ಲದೆ. ತೆಂಗಿನ ಹಾಲಿಲ್ಲದ ಕೆಸುವಿನ ಸೊಪ್ಪು ಎಂದರೆ ಮೇಕೆಯ ಊಟ.

ನಾನು ಓಡಿಸುವ ಬಸ್ಸಿನಲ್ಲಿ ಕಿನಾ. ಟಿಟಿಕಾವೇಕಾದಲ್ಲಿ ಹತ್ತಿದಳು, ಸಂತೆಗೆ ಹೂವಿನ ಬುಟ್ಟಿ ಹಿಡಿದು. ಎಂದಿನಂತೆ ಮೊದಲ ಸೀಟು, ನನ್ನ ಬೆನ್ನ ಹಿಂದೆ. ಉಪೋಕಿನಾ ಎಂದು ಪೂರ್ತಿ ಹೆಸರು. ನಾನು ಬರೆಯುವಾಗ ಮಾತ್ರ ಕಿನಾ ಎನ್ನುತ್ತೇನೆ. ಎದುರಿಗೆ ಏನೂ ಅನ್ನುವುದಿಲ್ಲ, "ಹುಷಾರು, ಮೆಟ್ಟಿಲು ಒದ್ದೆ" ಎನ್ನುತ್ತೇನೆ.

ಇವತ್ತು ಅವಳೇ ಮಾತಾಡಿದಳು.

"ಬಸ್ಸಲ್ಲಿ ಎಲ್ಲಾ ಇದೆ ಮೆಟುವಾ, ಗಾಳಿ ಒಂದಿಲ್ಲ. ಬೈಕ್ ಹಿಂದೆ ಕೂತ್ರೆ ಮುಖಕ್ಕೆ ಬಡಿಯುತ್ತಲ್ಲ, ಆ ಗಾಳಿ."

ಗಂಡ ಟೇರೆ ತೀರಿಹೋಗಿ ಎರಡು ವರ್ಷ. ಬೈಕನ್ನು ಮೈದುನನಿಗೆ ಕೊಟ್ಟುಬಿಟ್ಟಳು. ಆಮೇಲೆ ಯಾರ ಹಿಂದೆಯೂ ಕೂತಿಲ್ಲ. ಕೂರುವ ಹಾಗೂ ಇಲ್ಲ. ಈ ರಾರೋಟೊಂಗಾದಲ್ಲಿ ಒಬ್ಬ ಹೆಂಗಸು ಒಬ್ಬನ ಹಿಂದೆ ಕೂತು ಹೋದಳೆಂದರೆ, ಅವಳು ಇಳಿಯುವ ಮೊದಲೇ ಊರು ಮದುವೆಯ ಹಂದಿ ಕಡಿದಿರುತ್ತದೆ.

ನನಗೆ ನಲವತ್ತಾರು. ಈ ದ್ವೀಪದಲ್ಲಿ ಹುಟ್ಟಿ ಬೈಕು ಮುಟ್ಟದ ಗಂಡಸು ನಾನೊಬ್ಬನೇ ಇರಬೇಕು. ಹದಿನೇಳಕ್ಕೇ ನೂರು ಕಿಲೋ ದಾಟಿದ್ದೆ, ನಗುತ್ತಾರೆಂದು ಹತ್ತಲಿಲ್ಲ. ಬಸ್ಸಿನ ಸೀಟು ಅಗಲವಾಗಿತ್ತು, ಕೂತೆ. ಕೂತೇ ಇದ್ದೇನೆ.

ಅವಳು ನನ್ನ ಹಿಂದೆ ಕೂರಬೇಕು. ಬರೆದೆ. ಬಸ್ಸಿನಲ್ಲೂ ಹಿಂದೆಯೇ ಕೂರುತ್ತಾಳೆ, ಆದರೆ ಮೂವತ್ತು ಜನರ ಜೊತೆ.

ಮಾರ್ಚ್ 28, ಗುರುವಾರ

ನಡಿಗೆ ಶುರು ಮಾಡಿ ಹತ್ತು ದಿನ. ತೂಕ ಏರಿದೆ!

ತಪ್ಪು ನನ್ನದಲ್ಲ. ಕಡಲ ರಸ್ತೆಯಲ್ಲಿ ನಡೆದರೆ ಪ್ರತಿ ಮನೆಯ ಜಗಲಿಯಿಂದಲೂ ಕೂಗು — "ಮೆಟುವಾ, ಬಾ, ಊಟ ಮಾಡು!" ಕೂಗುವುದು ನಮ್ಮ ಸಂಪ್ರದಾಯ, ಹೋಗದಿರುವುದು ಅವಮಾನ. ಒಂದು ಮನೆಯಲ್ಲಿ ದೀವಿಹಲಸು, ಇನ್ನೊಂದರಲ್ಲಿ ಬೀಟ್‌ರೂಟು ಹಾಕಿದ ಗುಲಾಬಿ ಆಲೂ ಸಲಾಡು. ಅದೂ ಅಲ್ಲದೆ ಇಲ್ಲಿ ಯಾರೂ ನಡೆಯುವುದಿಲ್ಲ. ನಡೆಯುವವನನ್ನು ಕಂಡರೆ ಬೈಕು ನಿಲ್ಲಿಸಿ "ಏನ್ ಕೆಟ್ಟೋಯ್ತು?" ಎನ್ನುತ್ತಾರೆ.

ನಾಳೆಯಿಂದ ಒಳಗಿನ ಹಳೆಯ ರಸ್ತೆ. ಅಲ್ಲಿ ಮನೆ ಕಡಿಮೆ, ಹಂದಿ ಜಾಸ್ತಿ. ಅದರ ಹೆಸರು ಆರಾ ಮೆಟುವಾ. "ನಿನ್ ಹೆಸರಿನ ರಸ್ತೇನೇ ಅಣ್ಣ" ಎಂದಳು ತಂಗಿ ಅಕಾಯಿಟಿ, "ಅಗಲ ಒಂದು ಸ್ವಲ್ಪ ಕಮ್ಮಿ."

ಮೇ 12, ಭಾನುವಾರ. ಸಂಜೆ

ನೂರ ಮೂವತ್ತನಾಲ್ಕು.

ಮಧ್ಯಾಹ್ನ ಉಮು, ನಮ್ಮ ನೆಲದೊಲೆ, ತೆಗೆದರು. ಬಿಸಿಕಲ್ಲಿನ ಮೇಲೆ ಬೆಳಗಿನಿಂದ ಬೆಂದ ಹಂದಿ. ಅಂಗಳವೆಲ್ಲ ಬಾಳೆಎಲೆಯ ಹೊಗೆ. ಒಂದು ತುಂಡು ತಿಂದೆ. ಒಂದೇ. ಆಮೇಲೆ ಹೋಗಿ ಕೋಳಿಗಳಿಗೆ ಕಾಯಿ ತುರಿದು ಹಾಕುತ್ತಾ ನಿಂತೆ.

ಬೆಳಗ್ಗೆ ಚರ್ಚಿಗೆ ಹೂವಿನ ಕಿರೀಟ ಹಾಕಿಕೊಂಡು ಹೋಗಿದ್ದೆ, ಟಿಯಾರೆ ಹೂವಿನದು. ಕಿನಾಳ ಬುಟ್ಟಿಯಿಂದ ಕೊಂಡದ್ದು. ಅಕಾಯಿಟಿ ನನ್ನ ತಟ್ಟೆ ನೋಡಿದಳು, ತಲೆ ನೋಡಿದಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ. ಯಾರಣ್ಣ ಅವಳು?"

"ಯಾರೂ ಇಲ್ಲ. ಸಕ್ಕರೆ ಕಾಯಿಲೆ ಬರಬಾರದು ಅಂತ, ಅಷ್ಟೆ."

ಸುಳ್ಳಲ್ಲ, ನರ್ಸ್ ಹಾಗೇ ಹೇಳಿದ್ದು. ನಿಜವೂ ಅಲ್ಲ.

ಜೂನ್ 21, ಶುಕ್ರವಾರ

ಬೆಲ್ಟಿಗೆ ಹೊಸ ತೂತು. ಮೂರನೆಯದು. ಪೇರಾನ ಬೈಕಿನಲ್ಲಿ ಬಂದರಿನ ಹಿಂದಿನ ಬಯಲಿನಲ್ಲಿ ಕಲಿಯುತ್ತಿದ್ದೇನೆ. ಒಂದು ಸಲ ಬಿದ್ದೆ. ಬೈಕು ನನ್ನ ಮೇಲೆ ಬಿತ್ತು ಅನ್ನುವುದಕ್ಕಿಂತ... ಪೇರಾ ಓಡಿ ಬಂದು ಮೊದಲು ಬೈಕು ನೋಡಿದ.

ಬಸ್ಸಿನಲ್ಲಿ ತಾಯಿರಿ ಅಜ್ಜಿ. ಇಳಿಯುವಾಗ ನಿಂತು ನನ್ನ ಕೆನ್ನೆ ಮುಟ್ಟಿದಳು. ಕಣ್ಣು ತುಂಬಿಕೊಂಡಿತ್ತು.

"ಎಷ್ಟು ದಿನದಿಂದ ಮಗಾ?"

"ಏನಜ್ಜಿ?"

"ಹೇಳೋದು ಬೇಡ. ನನ್ ಗಂಡನೂ ಹೇಳಿರ್ಲಿಲ್ಲ."

"ಅಜ್ಜಿ, ನನಗೇನೂ ಆಗಿಲ್ಲ."

"ಅವ್ರೂ ಹಾಗೇ ಅಂದಿದ್ದು."

ಮೆಟ್ಟಿಲಿಳಿದು ಹೋದಳು. ಹಿಂದೆ ಇಡೀ ಬಸ್ಸು ಕತ್ತು ಚಾಚಿ ನನ್ನನ್ನೇ ನೋಡುತ್ತಿತ್ತು. ನನಗೆ ನಗು ಬಂತು. ನಗಬಾರದಿತ್ತು, ಕೆಮ್ಮಿನ ಹಾಗೆ ಕೇಳಿಸಿರಬೇಕು.

ಜುಲೈ 13, ಶನಿವಾರ

ನೂರ ಇಪ್ಪತ್ತೊಂದು. ಸಂತೋಷವಿಲ್ಲ.

ಕಿನಾ ಮೊದಲ ಸೀಟಿನಲ್ಲಿ ಕೂರಲಿಲ್ಲ. ಹೋದ ವಾರವೂ ಕೂತಿರಲಿಲ್ಲ, ಬುಟ್ಟಿಗೆ ಜಾಗ ಸಾಲದೇನೋ ಅಂದುಕೊಂಡಿದ್ದೆ. ಇವತ್ತು ಸೀಟು ಖಾಲಿ ಇತ್ತು. ನೇರ ಕೊನೆಯ ಸಾಲಿಗೆ ಹೋದಳು. ಕನ್ನಡಿಯಲ್ಲಿ ನೋಡಿದೆ, ಮುಖ ಕಿಟಕಿಗೆ ತಿರುಗಿಸಿಕೊಂಡಳು. ಇಳಿಯುವಾಗ "ಹುಷಾರು, ಮೆಟ್ಟಿಲು" ಎಂದೆ. ತಲೆಯೆತ್ತದೆ ಇಳಿದು ಹೋದಳು.

ನನ್ನ ಆಸೆ ಗೊತ್ತಾಗಿರಬೇಕು. ಪೇರಾ ಬಾಯಿ ಬಿಟ್ಟನೇ? ಇಲ್ಲ ನನ್ನ ಮುಖವೇ ಹೇಳಿತೇ? ಇಷ್ಟವಿಲ್ಲ ಎಂದು ಹೇಳುವ ರೀತಿ ಇದು. ಗೌರವದ ರೀತಿ. ತಕರಾರು ಮಾಡುವ ಹಾಗಿಲ್ಲ.

ಮನೆಗೆ ಬಂದು ಬೆಣ್ಣೆ ಹಚ್ಚಿ ನಾಲ್ಕು ಬ್ರೆಡ್ಡು ತಿಂದೆ. ಬರೆದಿದ್ದೇನೆ.

ಆಗಸ್ಟ್ 11, ಭಾನುವಾರ. ಮಧ್ಯಾಹ್ನ 3

ಇವತ್ತಿನದನ್ನು ಹೇಗೆ ಬರೆಯುವುದು...

ಚರ್ಚಿನಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥನೆ. ಪಾದ್ರಿಗಳು ಹೆಸರು ಓದುತ್ತಾ ಹೋದರು. ನಾನೂ ಕಣ್ಣು ಮುಚ್ಚಿ ಎಲ್ಲರಿಗಾಗಿ ಬೇಡಿಕೊಳ್ಳುತ್ತಿದ್ದೆ. "ನಮ್ಮ ಪ್ರೀತಿಯ ಸಹೋದರ, ಬಸ್ಸಿನ ಮೆಟುವಾ, ಸದ್ದಿಲ್ಲದೆ ನೋವು ಸಹಿಸುತ್ತಿರುವ..." "ಆಮೆನ್" ಎಂದುಬಿಟ್ಟೆ. ನಾನೇ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ.

ಮನೆಗೆ ಬರುವಷ್ಟರಲ್ಲಿ ಅಂಗಳದ ತುಂಬ ಚರ್ಚಿನ ಹೆಂಗಸರು. ಬಿಳಿ ಬಟ್ಟೆ, ಹೆಣೆದ ಹ್ಯಾಟು, ಮುಚ್ಚಿದ ಪಾತ್ರೆಗಳು. ಕಾಯಿಲೆಯವನ ಎದುರು ಹಾಡುವ ಹಾಡುಗಳನ್ನು ಹಾಡಿದರು. ಚೆನ್ನಾಗಿ ಹಾಡಿದರು, ನನಗೇ ನನ್ನ ಮೇಲೆ ಕನಿಕರ ಬಂತು. ತಾಯಿರಿ ಅಜ್ಜಿ ಚಮಚದಲ್ಲಿ ತಿನ್ನಿಸಿದಳು. ಬೇಡ ಅಂದಷ್ಟೂ ಅಳು ಜಾಸ್ತಿ. ತಿಂದೆ.

ಅವರು ಹೋದ ಮೇಲೆ ಅಕಾಯಿಟಿ ಎದುರು ಕೂತಳು. ಪೇರಾ ಅವಳಿಗೆ ಹೇಳಿದ್ದಾನೆ. ಬೈಕಿನದು, ಹಿಂದಿನ ಸೀಟಿನದು. ಉಳಿದದ್ದನ್ನು ಅವಳೇ ಕೂಡಿಸಿಕೊಂಡಿದ್ದಾಳೆ.

"ಉಪೋಕಿನಾ ಅಕ್ಕ ಯಾಕ್ ಹಿಂದೆ ಹೋಗಿ ಕೂರ್ತಾಳೆ ಗೊತ್ತೇನು ನಿನಗೆ?"

"ಇಷ್ಟ ಇಲ್ಲ."

"ಥೂ, ದಡ್ಡ. ಟೇರೆ ಹೀಗೇ ಕರಗಿದ್ದು. ಏನೂ ಇಲ್ಲ ಏನೂ ಇಲ್ಲ ಅಂತ ನಗ್ತಾ ಕರಗಿದ. ಅವನ ಬೆಲ್ಟಿಗೆ ತೂತು ಹೊಡೀತಿದ್ದವಳು ಅವಳೇ. ಈಗ ನಿನ್ ಬೆನ್ನಿಗೆ ಅಂಗಿ ಜೋತು ಬೀಳೋದನ್ನ ಮೊದಲನೇ ಸೀಟಲ್ಲಿ ಕೂತು ನೋಡು ಅಂದ್ರೆ ಹೆಂಗೆ ನೋಡ್ತಾಳೆ?"

ಅವಳಿಗಾಗಿ ಜಾಗ ಮಾಡುತ್ತಿದ್ದೇನೆ ಎಂದುಕೊಂಡು ಐದು ತಿಂಗಳು ಅವಳ ಕಣ್ಣೆದುರೇ ಅವಳ ಗಂಡನನ್ನು ಇನ್ನೊಂದು ಸಲ ಸಾಯಿಸಿದ್ದೇನೆ. ಕನ್ನಡಿಯಲ್ಲಿ ಅವಳನ್ನು ನೋಡಿದೆನೇ ಹೊರತು ಅವಳು ಏನು ನೋಡುತ್ತಿದ್ದಾಳೆ ಎಂದು ಯೋಚಿಸಲಿಲ್ಲ. ನಾಚಿಕೆಯಾಗುತ್ತಿದೆ.

"ಬಾಯಿ ಇರೋದು ತಿನ್ನೋಕಷ್ಟೇ ಅಲ್ಲಣ್ಣ" ಎಂದಳು ಅಕಾಯಿಟಿ. "ತಿನ್ನೋದು ಬಿಟ್ಟಿದೀಯ, ಮಾತಾದ್ರೂ ಆಡು."

ಆಗಸ್ಟ್ 17, ಶನಿವಾರ. ಮಧ್ಯಾಹ್ನ

ಹೇಳಿದೆ.

ಸಂತೆಯ ಹತ್ತಿರ ಎಲ್ಲರೂ ಇಳಿದ ಮೇಲೆ ಹೇಳೋಣ ಎಂದುಕೊಂಡಿದ್ದೆ. ಅಷ್ಟು ದೂರ ಧೈರ್ಯ ಉಳಿಯುವುದಿಲ್ಲ ಅನ್ನಿಸಿತು. ಟಿಟಿಕಾವೇಕಾದಲ್ಲಿ ಅವಳು ಹತ್ತುವ ಮೊದಲೇ ಎಂಜಿನ್ ಆರಿಸಿ ನಾನೇ ಕೆಳಗಿಳಿದೆ. ಬಸ್ಸಿನ ಕಿಟಕಿಗಳ ತುಂಬ ಮುಖ.

"ನನಗೆ ಕಾಯಿಲೆ ಇಲ್ಲ. ಬೇಕು ಅಂತ್ಲೇ ತೂಕ ಇಳಿಸ್ತಾ ಇದೀನಿ."

"ಎಲ್ರೂ ಹಾಗೇ ಅಂತಾರೆ." ನನ್ನನ್ನು ನೋಡಲಿಲ್ಲ, ಬುಟ್ಟಿ ನೋಡುತ್ತಿದ್ದಳು.

"ಬೈಕ್ ತಗೋತಾ ಇದೀನಿ. ನಾನ್ ಕೂತ್ರೆ ಸೀಟ್ ಪೂರ್ತಿ ತುಂಬ್ತಿತ್ತು. ಹಿಂದೆ ಜಾಗ ಬೇಕಿತ್ತು."

"ಯಾರಿಗೆ?"

"ನಿನಗೆ."

ಬಸ್ಸಿನೊಳಗೆ ಯಾರೋ "ಅಯ್ಯೋ ದೇವರೇ" ಎಂದರು. ತಾಯಿರಿ ಅಜ್ಜಿಯೇ ಇರಬೇಕು.

ಕಿನಾ ಬುಟ್ಟಿ ಕೆಳಗಿಟ್ಟಳು. ಹೊಡೆಯುತ್ತಾಳೆ ಅಂದುಕೊಂಡೆ. ಅಡಿಯಿಂದ ಎಲೆಯ ಪೊಟ್ಟಣ ತೆಗೆದಳು — ಪೋಕೆ, ಬಾಳೆಹಣ್ಣಿನ ಕಡುಬು, ತೆಂಗಿನ ಹಾಲು ಸುರಿದದ್ದು. ಸಂತೆಯಲ್ಲಿ ಮಾರಲು ಮಾಡಿದ್ದು.

"ತಿನ್ನು."

"ಇಲ್ಲೇ?"

"ನನ್ನೆದುರಿಗೆ. ಅವನಿಗೆ ಕೊನೇಲಿ ಇದನ್ನೂ ನುಂಗೋಕ್ ಆಗ್ತಿರ್ಲಿಲ್ಲ. ತಿನ್ನು."

ತಿಂದೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು, ಒಂದೊಂದು ತುತ್ತು ಇಳಿಯುವುದನ್ನೂ. ಇನ್ನೊಂದು ಕೊಟ್ಟಳು. ಅದನ್ನೂ ತಿಂದೆ, ಬೆರಳು ನೆಕ್ಕಿದೆ. ಐದು ತಿಂಗಳಾಗಿತ್ತು ತೆಂಗಿನ ಹಾಲು ಮುಟ್ಟಿ. ರುಚಿಗೋ ಏನಕ್ಕೋ ನನಗೆ ಕಣ್ಣೀರು ಬಂತು. ಅವಳು ಆಗಲೇ ಅಳುತ್ತಿದ್ದಳು.

"ಮೊದಲೇ ಬೊಗಳೋಕೆ ಏನಾಗಿತ್ತು ನಿನಗೆ! ಎರಡು ತಿಂಗಳು ನಾನು ನಿದ್ದೆ ಮಾಡಿಲ್ಲ ಕಣೋ."

ಕಣೋ ಎಂದಳು. ಅಲ್ಲಿಯವರೆಗೆ ಎಂದೂ ಅಂದಿರಲಿಲ್ಲ.

ಬಸ್ಸು ಹತ್ತಿ ಮೊದಲ ಸೀಟಿನಲ್ಲಿ ಕೂತಳು. ಹಿಂದೆ ಕೂರುತ್ತೇನೆ ಅನ್ನಲಿಲ್ಲ, ಕೂರುವುದಿಲ್ಲ ಅಂತಲೂ ಅನ್ನಲಿಲ್ಲ. ಬಸ್ಸು ತಡವಾಯಿತು. ಯಾರೂ ದೂರಲಿಲ್ಲ.

ಅಕ್ಟೋಬರ್ 5, ಶನಿವಾರ. ಸಂಜೆ

ನೂರ ಹದಿನಾರು. ಪೇರಾ ಬೈಕು ತಂದು ಬಿಟ್ಟುಹೋದ. ತೊಳೆದೆ. ಒಣಗಿದ ಮೇಲೆ ಸುಮ್ಮನೆ ಮತ್ತೊಮ್ಮೆ ತೊಳೆದೆ. ಕೂತು ಕೈ ಹಿಂದೆ ಮಾಡಿ ಅಳೆದೆ. ಜಾಗ ಇದೆ.

ನಾಳೆ ಅವಳ ಮನೆಗೆ ಹೋಗುತ್ತೇನೆ, ಚರ್ಚಿಗೆ ಕರೆದುಕೊಂಡು ಹೋಗಲು. ಬಸ್ಸಿನಲ್ಲಿ ಹೇಳಿದೆ. "ಬಾ, ನೋಡೋಣ" ಎಂದಳು. ಅಷ್ಟೇ. ನೋಡೋಣ ಎಂದರೆ ಏನು? ಟೇರೆಯ ಬೆನ್ನು ಹಿಡಿದು ಕೂತವಳು... ನನ್ನ ಹಿಂದೆ ಕೂತರೆ ಅವನ ನೆನಪಾಗುವುದಿಲ್ಲವೇ? ಇದನ್ನು ಮಾರ್ಚಿನಲ್ಲಿ ಯೋಚಿಸಬೇಕಿತ್ತು.

ಅನ್ನ, ಮೀನು, ಎರಡು ತುಂಡು ಕುಂಬಳ. ಹಸಿವಿಲ್ಲ. ಹಾಗೆಂದು ಯಾರಿಗೂ ಹೇಳುವ ಹಾಗಿಲ್ಲ.

ಅಕ್ಟೋಬರ್ 6, ಭಾನುವಾರ. ಸಂಜೆ 4.30

ಬೇಲಿಯ ಬಳಿ ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ, ಮತ್ತೆ ಹೊತ್ತುವುದೋ ಇಲ್ಲವೋ ಎಂಬ ಭಯ. ಬಿಳಿ ಬಟ್ಟೆಯಲ್ಲಿ ಹೊರಗೆ ಬಂದಳು. ಸೀಟಿನ ಖಾಲಿ ಜಾಗವನ್ನು ನೋಡುತ್ತಾ ಬಹಳ ಹೊತ್ತು ನಿಂತಳು.

ಹತ್ತಿರ ಬಂದು ಹ್ಯಾಟು ತೆಗೆದು ನನ್ನ ಕೈಗೆ ಕೊಟ್ಟಳು.

"ಸರಿ ಸ್ವಲ್ಪ."

ಮುಂದಕ್ಕೆ ಸರಿದೆ. ಎಷ್ಟು ಸಾಧ್ಯವೋ ಅಷ್ಟು, ಟ್ಯಾಂಕಿಗೆ ಹೊಟ್ಟೆ ತಾಗುವವರೆಗೆ.

"ಆ ಕಡೆ ಅಲ್ಲ."

ಅರ್ಥವಾಗಲಿಲ್ಲ.

"ಹಿಂದಕ್ಕೆ ಸರಿ, ಮೆಟುವಾ. ಮುಂದೆ ಕೂತೋನು ಹೋಗ್ಬಿಟ್ರೆ ಹಿಂದೆ ಕೂತೋಳಿಗೆ ಏನ್ ಉಳಿಯುತ್ತೆ ಅಂತ ಒಂದ್ ಸಲ ನೋಡಿದೀನಿ. ಇನ್ನೊಂದ್ ಸಲ ಹಿಂದೆ ಕೂರಲ್ಲ ನಾನು."

"ನಿನಗೆ ಓಡಿಸೋಕೆ ಬರುತ್ತಾ?"

"ಈ ದ್ವೀಪದಲ್ಲಿ ಬರದೇ ಇದ್ದೋನು ನೀನೊಬ್ಬನೇ."

ಹಿಂದಕ್ಕೆ ಸರಿದೆ. ನಾನು ಮಾಡಿಟ್ಟ ಜಾಗ ನನಗೇ ಸರಿಯಾಗಿ ಹಿಡಿಯಿತು. ಅವಳು ಕೂತಳು, ಗೇರು ಹಾಕಿದಳು. ಗಾಳಿ ಬಡಿಯಿತು. ಚರ್ಚಿನ ಬಾಗಿಲಲ್ಲಿ ನಿಂತಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಪಾದ್ರಿಗಳೂ.

ಆಮೇಲೆ ನನ್ನನ್ನು ಇಲ್ಲಿಯವರೆಗೆ ತಂದು ಬಿಟ್ಟಳು. ಭಾನುವಾರ ಬಸ್ಸಿಲ್ಲ, ಹಾಗಾಗಿ ಬೈಕು ಅವಳೇ ತೆಗೆದುಕೊಂಡು ಹೋದಳು. ಸಂಜೆಯ ಪ್ರಾರ್ಥನೆಗೆ ಬಂದು ಕರೆದುಕೊಂಡು ಹೋಗುತ್ತೇನೆ, ರೆಡಿ ಇರು ಅಂದಿದ್ದಾಳೆ. ಅಕಾಯಿಟಿ ಬಿದ್ದು ಬಿದ್ದು ನಗುತ್ತಿದ್ದಾಳೆ. ನಗಲಿ.

ಒಂದು ಮಾತ್ರ ಬರೆಯಬೇಕು. ದಾರಿಯುದ್ದಕ್ಕೂ ನನ್ನ ಒಂದು ಕೈಯಲ್ಲಿ ಅವಳ ಹ್ಯಾಟು ಇತ್ತು. ಇನ್ನೊಂದು ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಗಾಳಿಯಲ್ಲೇ ಹಿಡಿದಿದ್ದೆ. ತಿರುವಿನಲ್ಲಿ ಅವಳು ಹಿಂದೆ ನೋಡದೆಯೇ ಆ ಕೈಯನ್ನು ಹಿಡಿದು ತನ್ನ ಸೊಂಟದ...

ಹೊರಗೆ ಬೈಕಿನ ಹಾರ್ನ್. ಬಂದಳು —